30 ಸೆಕೆಂಡಿಗೆ ನಿದ್ದೆ ಹೋಗುವ ಎಕ್ಸ್‌ಟೆನ್ಷನ್

ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಉಳಿದಿರುವ ಪುಟಗಳನ್ನು ಓದಲು ಬರುವಂತೆ ಪರಿವರ್ತಿಸಿ ತೋರಿಸುವ ಚಿಕ್ಕ ಕ್ರೋಮ್ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಒಂದನ್ನು ವಿರಾಜಪೇಟೆಯ ಮನೆಯಲ್ಲಿ ಕುಳಿತು ಬರೆದಿದ್ದೆ. ಎಕ್ಸ್‌ಟೆನ್ಷನ್‌ಗಳು ಪಾಲಿಸಬೇಕಾದ ಹೊಸ ನಿಯಮಾವಳಿಯಾದ ಮ್ಯಾನಿಫೆಸ್ಟ್ ವಿ3 2021ರಲ್ಲಿ ಕ್ರೋಮ್ 88ರೊಂದಿಗೆ ಬಂದಾಗ ಓದಿ ಪಕ್ಕಕ್ಕಿಟ್ಟವನು ನಾನು. 2024ರ ಜೂನ್‌ನಲ್ಲಿ ಕ್ರೋಮ್‌ನ ಬೀಟಾ (ಪರೀಕ್ಷಾ) ಆವೃತ್ತಿಯು ಹಳೆಯ ನಿಯಮಾವಳಿಯ, ಅಂದರೆ ವಿ2, ಎಕ್ಸ್‌ಟೆನ್ಷನ್‌ಗಳಿಗೆ ಎಚ್ಚರಿಕೆ ತೋರಿಸತೊಡಗಿದ ಮೇಲೆ ಇನ್ನು ಮುಂದೂಡುವಂತಿರಲಿಲ್ಲ; ಕಕ್ಕಡ ತಿಂಗಳ ಮಳೆಗೆ ತೋಟದ ಕೆಲಸ ನಿಂತಿದ್ದ ದಿನಗಳನ್ನು ಇದಕ್ಕೆ ಮೀಸಲಿಟ್ಟೆ.

ವಿ3ಗೆ ತಕ್ಕಂತೆ ಕೋಡ್‌ನಲ್ಲಿನ ಹೆಸರುಗಳ ಬದಲಾವಣೆ ಒಂದು ಸಂಜೆಯ ಕೆಲಸ. ಹಳೆಯ ಫಾಂಟಿನ ಅಕ್ಷರಗಳನ್ನು ಯೂನಿಕೋಡ್‌ಗೆ ಹೊಂದಿಸುವ ಅಕ್ಷರಪಟ್ಟಿಯನ್ನು ನನ್ನ ಸರ್ವರ್‌ನಿಂದ ಸ್ಕ್ರಿಪ್ಟ್ ಆಗಿ ತಂದು ಓಡಿಸುತ್ತಿದ್ದೆ. ಹೊರಗಿನ ಕೋಡ್ ಓಡಿಸುವುದನ್ನು ವಿ3 ಒಪ್ಪದ ಕಾರಣ ಪಟ್ಟಿಯನ್ನು ಜೇಸನ್ (ಬರಿಯ ಮಾಹಿತಿಯ) ಕಡತವಾಗಿಸಿ ಎಕ್ಸ್‌ಟೆನ್ಷನ್ನಿನ ಒಳಗೇ ಇಟ್ಟೆ. ಕರೆಂಟು ಹೋಗಿ ಇಂಟರ್ನೆಟ್ ಇಲ್ಲದ ದಿನಗಳ ಮಟ್ಟಿಗೆ ಅದು ಮೊದಲಿಗಿಂತ ಒಳ್ಳೆಯದೇ ಆಯಿತು.

ನಿಜವಾದ ಪೇಚು, ತೆರೆಮರೆಯಲ್ಲಿ ಓಡುತ್ತಿದ್ದ ಬ್ಯಾಕ್‌ಗ್ರೌಂಡ್ ಪುಟದ ಜಾಗಕ್ಕೆ ಬಂದ, ಬೇಕಾದಾಗ ಮಾತ್ರ ಎದ್ದು ಕೆಲಸ ಮಾಡುವ ಸರ್ವಿಸ್ ವರ್ಕರ್‌ನದು. ಹಳೆಯ ಪುಟ ಬ್ರೌಸರ್ ಮುಚ್ಚುವ ತನಕ ಎಚ್ಚರವಾಗಿರುತ್ತದೆಂದು ನಂಬಿ, ಬಳಕೆದಾರರು ಯಾವ ತಾಣಗಳಲ್ಲಿ ಪರಿವರ್ತನೆ ಬೇಕೆಂದಿದ್ದರೋ ಆ ಪಟ್ಟಿಯನ್ನು ಒಂದು ವೇರಿಯಬಲ್‌ನಲ್ಲೇ (ಕೋಡ್ ಓಡುವಷ್ಟು ಹೊತ್ತು ಮಾತ್ರ ಉಳಿಯುವ ನೆನಪಿನಲ್ಲಿ) ಇಟ್ಟುಕೊಂಡಿದ್ದೆ. ವರ್ಕರ್ ಆದರೋ ಸುಮಾರು 30 ಸೆಕೆಂಡು ಕೆಲಸವಿಲ್ಲದಿದ್ದರೆ ನಿಂತುಹೋಗುತ್ತದೆ, ವೇರಿಯಬಲ್ ಅದರೊಂದಿಗೇ ಅಳಿಯುತ್ತದೆ. ತೋಟದ ಲೆಕ್ಕ ಬರೆಯುವ ನೆರೆಯವರೊಬ್ಬರು ಪ್ರಯೋಗದ ಆವೃತ್ತಿ ಬಳಸಿ, ಎಕ್ಸ್‌ಟೆನ್ಷನ್ನಿನ ಗುಂಡಿ ಒಮ್ಮೊಮ್ಮೆ ಮಾತ್ರ ಕೆಲಸ ಮಾಡುತ್ತದೆ ಎಂದರು. ಕಾರಣ ಹುಡುಕಲು ಡೆವಲಪರ್ ಟೂಲ್ಸ್ ತೆರೆದರೆ ದೋಷವೇ ಮಾಯ! ಆ ಕಿಟಕಿ ತೆರೆದಿರುವಷ್ಟು ಹೊತ್ತು ವರ್ಕರ್ ನಿಲ್ಲುವುದಿಲ್ಲವೆಂದು ತಿಳಿಯಲು ಎರಡು ದಿನ ಹಿಡಿಯಿತು. ಆಮೇಲೆ ಕಿಟಕಿ ಮುಚ್ಚಿ, ಒಂದು ಲೋಟ ಕಾಫಿ ಕುಡಿದು ಬಂದು ಗುಂಡಿ ಒತ್ತುವುದೇ ನನ್ನ ಪರೀಕ್ಷೆಯಾಯಿತು.

ತಾಣಗಳ ಪಟ್ಟಿಯನ್ನು ಎಕ್ಸ್‌ಟೆನ್ಷನ್‌ಗಳಿಗೆಂದೇ ಇರುವ ಕ್ರೋಮ್‌ನ ಸ್ಟೋರೇಜ್‌ಗೆ ಸಾಗಿಸಿದೆ. ವೆಬ್ ಪುಟಗಳು ಬಳಸುವ ಲೋಕಲ್ ಸ್ಟೋರೇಜ್ ವರ್ಕರ್‌ನಲ್ಲಿ ಸಿಗುವುದಿಲ್ಲ. ಆದರೂ ಗುಂಡಿಯ ಒತ್ತು ಕೆಲವೊಮ್ಮೆ ಕಳೆದುಹೋಗುತ್ತಿತ್ತು, ಏಕೆಂದರೆ ಸ್ಟೋರೇಜ್ ಓದಿ ಮುಗಿದ ಮೇಲೆ ನಾನು ಲಿಸನರ್ (ಗುಂಡಿ ಒತ್ತಿದ್ದನ್ನು ಗಮನಿಸುವ ಕೋಡ್) ನೋಂದಾಯಿಸುತ್ತಿದ್ದೆ. ಅದನ್ನು ಕಡತದ ಮೇಲ್ಭಾಗದಲ್ಲಿ, ಯಾವುದಕ್ಕೂ ಕಾಯದೆ ನೋಂದಾಯಿಸಿದ ಮೇಲೆ ಸರಿಹೋಯಿತು.

ಹೊಸ ಆವೃತ್ತಿ ಮೊದಲಿಗಿಂತ ಹೆಚ್ಚಿನ ಅನುಮತಿ ಕೇಳಿದರೆ, ಬಳಕೆದಾರರು ಒಪ್ಪುವ ತನಕ ಕ್ರೋಮ್ ಅದನ್ನು ನಿಲ್ಲಿಸಿಬಿಡುತ್ತದೆ. ಆದ್ದರಿಂದ ಅನುಮತಿಗಳನ್ನು ಇದ್ದಷ್ಟಕ್ಕೇ ಇಟ್ಟು ಬಿಡುಗಡೆ ಮಾಡಿದೆ. ನೆರೆಯವರಿಗೆ ಆವೃತ್ತಿ ಬದಲಾದದ್ದು ತಿಳಿಯಲೇ ಇಲ್ಲ.