ಶಾಸಕರ ಪ್ರಶ್ನೆ ಬರೆಯುವ ಕೆಲಸ

ಕೋಲಾರ ಜಿಲ್ಲೆಯ ಶಾಸಕರೊಬ್ಬರ ಬಳಿ ನಾನು ಆಪ್ತ ಸಹಾಯಕ. ಮದುವೆ, ತಿಥಿ, ವರ್ಗಾವಣೆಗೆ ಪತ್ರ, ಆಸ್ಪತ್ರೆಗೆ ಫೋನು, ಹೀಗೇ ದಿನ ಹೋಗುತ್ತದೆ. ಅಧಿವೇಶನ ಕರೆದಾಗ ಮಾತ್ರ ಇನ್ನೊಂದು ಕೆಲಸ ಶುರುವಾಗುತ್ತದೆ. ಸದನದಲ್ಲಿ ಸಾಹೇಬರು ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಡುವುದು. ನಿಜ ಹೇಳಬೇಕಂದ್ರೆ ನನಗೆ ರುಚಿಸುವ ಕೆಲಸ ಇದೊಂದೇ.

ವಿಧಾನಸಭೆಯ ಉತ್ತರದ ಹಾಳೆ ನೋಡಿದವರಿಗೆ ಗೊತ್ತಿರುತ್ತದೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಅ, ಆ, ಇ ಅಂತ ತುಂಡುಗಳು. ಎಷ್ಟೋ ಪ್ರಶ್ನೆಗಳು ಶುರುವಾಗುವುದೇ 'ಸರ್ಕಾರದ ಗಮನಕ್ಕೆ ಬಂದಿದೆಯೇ?' ಅಂತ. ಉತ್ತರ: 'ಬಂದಿದೆ.' ಮುಂದಿನದು 'ಕೈಗೊಂಡ ಕ್ರಮಗಳೇನು?' ಅದಕ್ಕೆ 'ನಿಯಮಾನುಸಾರ ಕ್ರಮ ವಹಿಸಲಾಗುತ್ತಿದೆ.' ಅಲ್ಲಿಗೆ ಮುಗೀತು. ಅದರಲ್ಲಿ ಸುಳ್ಳೂ ಇಲ್ಲ, ವಿಷಯವೂ ಇಲ್ಲ. ಅದಕ್ಕೇ ನಾನು ಆ ಸಾಲು ಬರೆಯುವುದಿಲ್ಲ. ಒಂದು ದಿನಾಂಕ, ಇಲ್ಲವೇ ಒಂದು ಕಾಗದದ ಪ್ರತಿ, ಇಲ್ಲವೇ ಒಬ್ಬ ಅಧಿಕಾರಿಯ ಹುದ್ದೆ, ಇವುಗಳಲ್ಲಿ ಯಾವುದಾದರೂ ಒಂದು ಬಲಗಡೆ ಬಂದೇ ತೀರಬೇಕು ಅನ್ನುವ ಹಾಗೆ ಕೇಳುತ್ತೇನೆ.

ನಮ್ಮ ಕಡೆ ಇದಕ್ಕೆ ಒಳ್ಳೆಯ ಉದಾಹರಣೆ ಕೆ.ಸಿ. ವ್ಯಾಲಿ, ಅಂದರೆ ಕೋರಮಂಗಲ-ಚಲ್ಲಘಟ್ಟ ಕಣಿವೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ತುಂಬಿಸುವ ಯೋಜನೆ. ದಿನಕ್ಕೆ 44 ಕೋಟಿ ಲೀಟರ್ ಅನ್ನುವುದು ಯೋಜನೆಯ ಮೊದಲ ಹಂತದ ಲೆಕ್ಕ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಮರುತಿಂಗಳೇ ನೊರೆ ಕಾಣಿಸಿತು, ನೀರು ಬಿಡುವುದಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್‌ವರೆಗೂ ವಿಷಯ ಹೋಯಿತು. ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂತು ಅಂತ ಖುಷಿಪಡುವ ರೈತರೂ ಇದ್ದಾರೆ, ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಅಂತ ಪಟ್ಟು ಹಿಡಿದವರೂ ಇದ್ದಾರೆ. ಎಷ್ಟೋ ಮನೆಯಲ್ಲಿ ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ.

ಪ್ರಶ್ನೆ ಬರೆಯುವವನಿಗೆ ಇಲ್ಲಿ ತೊಡಕು ಬೇರೆ. ನೀರನ್ನು ಶುದ್ಧ ಮಾಡುವುದು ಬೆಂಗಳೂರು ಜಲಮಂಡಳಿ. ಪಂಪ್ ಮಾಡಿ ಕೆರೆಗೆ ಬಿಡುವುದು ಸಣ್ಣ ನೀರಾವರಿ ಇಲಾಖೆ. ಕಣ್ಣಿಡಬೇಕಾದ್ದು ಮಾಲಿನ್ಯ ನಿಯಂತ್ರಣ ಮಂಡಳಿ. ಸಚಿವರೂ ಬೇರೆ ಬೇರೆ. ಇಂಥ ಕಡೆ ಒಬ್ಬರನ್ನೇ ಕೇಳಿದರೆ 'ಸದರಿ ವಿಷಯ ನಮ್ಮ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ' ಅಂತ ಚೆಂಡು ಪಕ್ಕಕ್ಕೆ ಹೋಗುತ್ತದೆ. ಹಾಗಾಗಿ ಒಂದೇ ಪ್ರಶ್ನೆಯನ್ನು ಮೂವರಿಗೂ ಬೇರೆ ಬೇರೆಯಾಗಿ ಕಳಿಸುತ್ತೇನೆ. ನೀರಿನ ಮಾದರಿ ಎಲ್ಲಿ ತೆಗೆದಿರಿ, ಯಾವ ದಿನ, ಯಾರು ಪರೀಕ್ಷೆ ಮಾಡಿದರು, ವರದಿಯ ಪ್ರತಿ ಒದಗಿಸುವುದು. ಉತ್ತರಗಳನ್ನು ಒಂದರ ಪಕ್ಕ ಒಂದು ಇಟ್ಟು ಓದಬೇಕು. ಎರಡು ಇಲಾಖೆಗಳ ತಾರೀಖು ತಾಳೆಯಾಗದಿದ್ದರೆ ಮುಂದಿನ ಪ್ರಶ್ನೆ ತಾನಾಗೇ ಸಿಕ್ಕಿತು.

ಕೋರ್ಟಿನಲ್ಲಿರುವ ವಿಷಯ ಅಂದರೆ ವಿಧಾನಸಭೆಯ ಸಚಿವಾಲಯ ಪ್ರಶ್ನೆಯ ನೋಟಿಸನ್ನು ವಾಪಸ್ ಕಳಿಸಬಹುದು. 'ನೀರು ಸುರಕ್ಷಿತವೇ?' ಅಂತ ಕೇಳಿದರೆ ಅದು ಅಭಿಪ್ರಾಯ ಕೇಳಿದ ಹಾಗೆ, ಜತೆಗೆ ಕೋರ್ಟಿನ ವಿಷಯವೂ ಹೌದು. ಪರೀಕ್ಷೆಯ ದಿನಾಂಕ ಕೇಳಿದರೆ ತಳ್ಳಿಹಾಕಲು ಅಷ್ಟು ಸುಲಭದ ಕಾರಣ ಸಿಗುವುದಿಲ್ಲ.

ನಿಯಮಗಳ ವಿಷಯಕ್ಕೆ ಬಂದರೆ ನನ್ನ ತಕರಾರು ಶಾಸಕರ ಮೇಲೂ ಇದೆ. ಮಸೂದೆ ಬಂದರೆ ಗಲಾಟೆ ಮಾಡುತ್ತಾರೆ. ಅದೇ ಕಾಯ್ದೆಯ ಅಡಿಯಲ್ಲಿ ಆಮೇಲೆ ಬರುವ ನಿಯಮಗಳನ್ನು ಸದನದ ಮುಂದೆ ಇಟ್ಟಾಗ ಕಟ್ಟು ಬಿಚ್ಚಿ ನೋಡುವವರು ಕಡಿಮೆ. ಜನರಿಗೆ ತಟ್ಟುವ ಶುಲ್ಕ, ದಂಡ, ಮಿತಿ ಎಲ್ಲ ಜಾಸ್ತಿ ಇರುವುದು ಅಲ್ಲೇ ಅಲ್ವಾ?

ಕರಡನ್ನೂ ಅಂತಿಮ ಅಧಿಸೂಚನೆಯನ್ನೂ ಜತೆಗಿಟ್ಟು ಓದುವ ಅಭ್ಯಾಸ ನನಗೆ ಬಂದಿದ್ದು ಈ ಕೊಳಚೆ ನೀರಿನಿಂದಲೇ. ನೀರಿನಲ್ಲಿ ಎಷ್ಟು ಕೊಳೆ ಉಳಿದಿದೆ ಅಂತ ಅಳೆಯಲು ಬಿಒಡಿ ಅನ್ನುವ ಅಳತೆ ಇದೆ. ಕೇಂದ್ರ ಪರಿಸರ ಸಚಿವಾಲಯದ 2015ರ ಕರಡಿನಲ್ಲಿ ಶುದ್ಧೀಕರಣ ಘಟಕಗಳಿಗೆ ಇದರ ಮಿತಿ ಲೀಟರಿಗೆ 10 ಮಿಲಿಗ್ರಾಂ ಅಂತ ಇತ್ತು. 2017ರ ಅಕ್ಟೋಬರ್‌ನಲ್ಲಿ ಅಂತಿಮವಾಗಿ ಬಂದಾಗ ಮಹಾನಗರಗಳಿಗೆ 20, ಉಳಿದ ಬಹುತೇಕ ಕಡೆಗೆ 30 ಆಗಿತ್ತು. 2019ರಲ್ಲಿ ಹಸಿರು ನ್ಯಾಯಮಂಡಳಿ ಮತ್ತೆ 10ಕ್ಕೆ ಇಳಿಸಿ ಅಂತ ಹೇಳಿತು. ನಡುವೆ ಸಡಿಲ ಆಗಿದ್ದು ಯಾರ ಆಕ್ಷೇಪಣೆಯಿಂದ, ಅದಕ್ಕೆ ಆಧಾರ ಏನು ಅನ್ನುವುದು ಒಳ್ಳೆಯ ಪ್ರಶ್ನೆ. ಆದರೆ ಅದನ್ನು ಕೇಳಬೇಕಾದ್ದು ಲೋಕಸಭೆಯಲ್ಲಿ, ಸಂಸದರ ಮೂಲಕ. ವಿಧಾನಸೌಧದಲ್ಲಿ ಕೇಳಬಹುದಾದ್ದು ಬೇರೆ: ಈ ಘಟಕಗಳಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಸಮ್ಮತಿ ಪತ್ರದಲ್ಲಿ ಬಿಒಡಿ ಮಿತಿ ಎಷ್ಟು?

ರಾಜ್ಯದ ಕರಡುಗಳಿಗೆ ರಾಜ್ಯಪತ್ರ ನೋಡುತ್ತಿರಬೇಕು. ಆಕ್ಷೇಪಣೆಗೆ ಎಷ್ಟು ದಿನ ಅಂತ ಕರಡಿನಲ್ಲೇ ಇರುತ್ತದೆ. ಅಷ್ಟರಲ್ಲಿ ಅಧಿವೇಶನ ಇಲ್ಲದಿದ್ದರೆ ಪ್ರಶ್ನೆಗೆ ಕಾಯುವುದು ದಂಡ. ಶಾಸಕರ ಲೆಟರ್‌ಹೆಡ್‌ನಲ್ಲಿ ಆಕ್ಷೇಪಣೆ ಕಳಿಸಿ ಸ್ವೀಕೃತಿ ಪಡೆದು ಇಟ್ಟುಕೊಳ್ಳುತ್ತೇನೆ. ಅಂತಿಮ ನಿಯಮ ಬಂದ ಮೇಲೆ, ಬಂದ ಆಕ್ಷೇಪಣೆಗಳು ಎಷ್ಟು, ಒಪ್ಪಿದ್ದು ಯಾವುದು, ಬಿಟ್ಟಿದ್ದು ಯಾವ ಕಾರಣಕ್ಕೆ ಅಂತ ಪ್ರಶ್ನೆ ಹಾಕುವುದು. ಕರೆಂಟ್ ದರದ ವಿಷಯದಲ್ಲಿ ಇದೂ ನಡೆಯುವುದಿಲ್ಲ. ಬೆಸ್ಕಾಂ ಅರ್ಜಿ ಹಾಕುತ್ತದೆ, ತೀರ್ಮಾನ ಕೆಇಆರ್‌ಸಿಯದು, ಅಂದರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ್ದು. ಅಲ್ಲಿನ ಸಾರ್ವಜನಿಕ ವಿಚಾರಣೆಗೆ ಶಾಸಕರೂ ಎಲ್ಲರಂತೆ ಆಕ್ಷೇಪಣೆ ಬರೆದುಕೊಂಡೇ ಹೋಗಬೇಕು.

ಚುಕ್ಕೆ ಗುರುತಿನ ಪ್ರಶ್ನೆ ಅಂದರೆ ಸಾಹೇಬರಿಗೆ ಇಷ್ಟ. ಎದ್ದು ನಿಂತು ಮಾತಾಡಬಹುದು, ಟಿವಿಯಲ್ಲಿ ಬರುತ್ತದೆ. ನನಗೆ ಚುಕ್ಕೆ ಗುರುತಿಲ್ಲದ್ದೇ ಇಷ್ಟ. ಲಿಖಿತ ಉತ್ತರದ ಜತೆ ಅನುಬಂಧ ಬರುತ್ತದೆ. ಕೆರೆವಾರು ಪಟ್ಟಿ, ಟೆಂಡರ್ ಮೊತ್ತ, ಬಿಲ್ ಪಾವತಿ ಎಲ್ಲ ಅದರಲ್ಲಿರುತ್ತದೆ. ಸುಮ್ನೆ ಕೂತು ಅದನ್ನು ಓದುವ ಖುಷಿ ಭಾಷಣದಲ್ಲಿ ಇಲ್ಲ. ಚುಕ್ಕೆಯದನ್ನು ಉಳಿಸಿಕೊಳ್ಳುವುದು ಆ ಅನುಬಂಧ ಕೈಗೆ ಬಂದ ಮೇಲೆ. ಆಗ ಉಪಪ್ರಶ್ನೆ ಕೇಳುವಾಗ ಸಾಹೇಬರ ಕೈಯಲ್ಲಿ ಇಲಾಖೆಯದೇ ಕಾಗದ ಇರುತ್ತದೆ.

ಸಚಿವರು ಸದನದಲ್ಲಿ 'ಮಾಡಿಸುತ್ತೇನೆ' ಅಂದರೆ ಆ ದಿನದ ನಡವಳಿ ತೆಗೆದು ಸಾಲಿಗೆ ಗೆರೆ ಎಳೆದು ಇಡುತ್ತೇನೆ. ಅಂಥ ಮಾತುಗಳನ್ನು ಬೆನ್ನು ಹತ್ತುವುದಕ್ಕೇ ಭರವಸೆಗಳ ಸಮಿತಿ ಇದೆ. ಸದ್ಯಕ್ಕೆ ಮುಂದಿನ ಅಧಿವೇಶನಕ್ಕೆ ಬರೆದಿಟ್ಟಿರುವುದು ಇಷ್ಟು: 'ಅ) ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿರುವ ಸಂಸ್ಕರಿಸಿದ ನೀರಿಗೆ ಮೂರನೇ ಹಂತದ ಶುದ್ಧೀಕರಣದ ಪ್ರಸ್ತಾವನೆ ಈಗ ಯಾವ ಅಧಿಕಾರಿಯ ಬಳಿ ಇದೆ? ಆ) ಯಾವ ದಿನಾಂಕದಿಂದ?'