ತಡವರಿಸುವ ಮಕ್ಕಳಿಗೆ ಅರಬಿ ಓದು: ನಾನು ಕಲಿಸುವ ಬಗೆ

ಕೊಡಗಿನ ಮದರಸದಲ್ಲಿ ಒಂದೇ ಬೆಂಚಿನಲ್ಲಿ ಕೂತ ಮಕ್ಕಳಿಗೆ ಮನೆಮಾತು ಒಂದೇ ಇರುವುದಿಲ್ಲ. ಸಿದ್ದಾಪುರದ ಕಡೆ ನಾನು ಕಲಿಸುವ ತರಗತಿಯಲ್ಲಿ ಮಲಯಾಳಂ ಮನೆಯವರೇ ಹೆಚ್ಚು. ಜೊತೆಗೆ ಬ್ಯಾರಿಗಳು, ಉರ್ದು ಮನೆಯವರು, ಕೊಡವ ತಕ್ಕ್ ಆಡುವ ಕೊಡವ ಮಾಪಿಳ್ಳೆ ಮನೆಯ ಒಬ್ಬಿಬ್ಬರು, ಈಚೆಗೆ ಕಾಫಿ ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದವರ ಮಕ್ಕಳು. ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ. ನಮ್ಮದು ನಾಲ್ಕನೆಯ ಲಿಪಿ, ಅದೂ ಬಲದಿಂದ ಎಡಕ್ಕೆ. ಇಷ್ಟರಲ್ಲಿ ಒಂದು ಮಗು ಹಿಂದೆ ಬಿದ್ದರೆ ‘ಇವನ ತಲೆಗೆ ಹತ್ತೋದಿಲ್ಲ’ ಎಂದು ಕೈಬಿಡುವವರು ಇದ್ದಾರೆ. ನನಗೆ ಆ ಮಾತು ಸೋಮಾರಿತನದ್ದು ಅನ್ನಿಸುತ್ತದೆ. ಮಗು ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಲು ಬೇಕಾದ ಸಲಕರಣೆಯನ್ನು ಅರಬಿಯ ಹಳೆಯ ವ್ಯಾಕರಣಕಾರರೇ ಮಾಡಿಟ್ಟಿದ್ದಾರೆ.

ಮೊದಲು ಪತ್ತೆ ಹಚ್ಚಬೇಕಾದದ್ದು ಓದದೆ ಓದುವವರನ್ನು. ಕುರ್‌ಆನಿನ ಯಾಸೀನ್ ಸೂರತ್ತನ್ನು (ಅಧ್ಯಾಯವನ್ನು) ಎಲ್ಲೂ ನಿಲ್ಲದೆ ಹೇಳುವ ಹುಡುಗನಿಗೆ ಅದರ ನಡುವಿನ ಒಂದು ಪದವನ್ನು ತೋರಿಸು ಅನ್ನಿ, ಬೆರಳು ಸಾಲಿನ ಮೇಲೆ ಸುಮ್ಮನೆ ಅಲೆಯುತ್ತದೆ. ಅವನು ಕಿವಿಯಿಂದ ಕಲಿತವನು, ಕಣ್ಣಿಂದಲ್ಲ. ಅದಕ್ಕೇ ನಾನು ಬೋರ್ಡಿನ ಮೇಲೆ ಅರ್ಥವೇ ಇಲ್ಲದ ಜೋಡಣೆ ಬರೆಯುತ್ತೇನೆ: ಬಿ, ನು, ತಾ, ಯಿ. ಬಾಯಿಪಾಠ ಅಲ್ಲಿ ನೆರವಿಗೆ ಬರುವುದಿಲ್ಲ. ಆಗ ಒಬ್ಬ ಚುಕ್ಕಿಯಲ್ಲಿ ಎಡವುತ್ತಾನೆ, ಒಬ್ಬಳು ಅಕ್ಷರ ಸರಿಯಾಗಿ ಹೇಳಿ ಸ್ವರದ ಗುರುತುಗಳಾದ ಫತ್‌ಹ್, ಕಸ್ರ್‌ಗಳಲ್ಲಿ ತಪ್ಪುತ್ತಾಳೆ. ಇನ್ನೊಬ್ಬನಿಗೆ ಬಿಡಿ ಅಕ್ಷರವೆಲ್ಲ ಗೊತ್ತು, ಪದದ ನಡುವೆ ಅದೇ ಅಕ್ಷರ ಆಕಾರ ಬದಲಿಸಿದರೆ ಗುರುತು ಹತ್ತುವುದಿಲ್ಲ. ಈ ಮೂವರಿಗೂ ‘ಇನ್ನೊಂದು ಸಲ ಓದು’ ಎಂಬ ಒಂದೇ ಮದ್ದು ಕೊಟ್ಟರೆ ವರ್ಷ ಕಳೆದರೂ ಗುಣವಿಲ್ಲ.

ಚುಕ್ಕಿಯವರಿಗೆ ಸ್ಲೇಟಿನಲ್ಲಿ ಚುಕ್ಕಿಯಿಲ್ಲದ ಮೈ ಮಾತ್ರ ಬರೆದು ಕೊಡುತ್ತೇನೆ. ಚುಕ್ಕಿಯ ಜಾಗಕ್ಕೆ ಅವರು ಕಾಫಿ ಬೀಜ ಇಡಬೇಕು. ಕೆಳಗೆ ಒಂದು ಇಟ್ಟರೆ ಬಾ, ಮೇಲೆ ಒಂದು ಇಟ್ಟರೆ ನೂನ್, ಮೇಲೆ ಎರಡಾದರೆ ತಾ, ಕೆಳಗೆ ಎರಡಾದರೆ ಯಾ. ಪದದ ನಡುವೆ ಇವಕ್ಕೆಲ್ಲ ಮೈ ಒಂದೇ ಎಂಬುದು ಕೈಗೆ ತಿಳಿಯುತ್ತದೆ. ಮುಸ್‌ಹಫ್‌ನ (ಬರಹದ ಕುರ್‌ಆನಿನ) ತೀರಾ ಹಳೆಯ ಪ್ರತಿಗಳಲ್ಲಿ ಇಂದಿನಂತೆ ಚುಕ್ಕಿ, ಸ್ವರದ ಗುರುತು ಇರಲಿಲ್ಲ. ಅರಬಿ ಮನೆಮಾತಲ್ಲದವರು ಓದಲು ಬಂದು ಎಡವತೊಡಗಿದಾಗ 7ನೇ ಶತಮಾನದ ಅಬುಲ್ ಅಸ್ವದ್ ಅದ್ದುಅಲೀ ಸ್ವರಕ್ಕೆ ಗುರುತು ಹಾಕಿದರು ಎಂಬುದು ಪರಂಪರೆಯ ಮಾತು. ‘ನಿಮ್ಮಂಥವರಿಗಾಗಿಯೇ ಬಂದದ್ದು ಇದು’ ಎಂದು ಮಕ್ಕಳಿಗೆ ಹೇಳುತ್ತೇನೆ. ನಾಚಿಕೆ ಸ್ವಲ್ಪ ಇಳಿಯುತ್ತದೆ.

ಉಚ್ಚಾರದ ಕೆಲಸ ನನಗೆ ಹೆಚ್ಚು ಇಷ್ಟ. 8ನೇ ಶತಮಾನದ ಬಸ್ರಾದ ಖಲೀಲ್ ಇಬ್ನ್ ಅಹ್ಮದ್ ತನ್ನ ನಿಘಂಟನ್ನು ಅಲಿಫ್, ಬಾ ಕ್ರಮದಲ್ಲಿ ಜೋಡಿಸಲಿಲ್ಲ. ಗಂಟಲಿನ ಐನ್‌ನಿಂದ ಹೊರಟು ತುಟಿಯ ಕಡೆಗೆ ಬಂದ. ಕನ್ನಡ ಶಾಲೆಯ ಮಕ್ಕಳಿಗೆ ಈ ದಾರಿ ಹೊಸದಲ್ಲ, ಕ ಚ ಟ ತ ಪ ಕೂಡ ಹಿಂದಿನಿಂದ ತುಟಿಗೇ ಬರುತ್ತದೆ. ಬೋರ್ಡಿನ ಮೇಲೆ ಆ ಐದನ್ನು ಬರೆದು ಅರಬಿ ಅಕ್ಷರಗಳನ್ನು ಅವುಗಳ ಅಕ್ಕಪಕ್ಕ ಕೂರಿಸುತ್ತೇವೆ. ಐನ್, ಹಾ ಎರಡೂ ಕ-ಗಿಂತ ಹಿಂದೆ, ಫಾ ಪ-ದ ಹತ್ತಿರ. ಕುರ್‌ಆನ್ ಓದಿನ ಪಂಡಿತ ಇಬ್ನುಲ್ ಜಝರಿ ಎಣಿಸಿದ ಧ್ವನಿ ಹುಟ್ಟುವ ಜಾಗಗಳ, ಅಂದರೆ 17 ಮಖ್ರಜ್‌ಗಳ ಹೆಸರನ್ನು ಎಳೆಯರಿಗೆ ಉರು ಹೊಡೆಸುವುದಿಲ್ಲ. ಒಂದು ಕೈಗನ್ನಡಿ ಕೊಟ್ಟು ನಾಲಿಗೆ ಎಲ್ಲಿದೆ ನೋಡಿಕೋ ಅನ್ನುತ್ತೇನೆ.

ಜಗಳ ಏಳುವುದು ಳಾದ್ ಅಕ್ಷರಕ್ಕೆ. ಮಲಯಾಳಂ ಮನೆಯವನಿಗೆ ರಮಳಾನ್, ಉರ್ದು ಮನೆಯವನಿಗೆ ರಮ್ಜಾನ್, ಇಬ್ಬರೂ ಒಬ್ಬರನ್ನೊಬ್ಬರು ಅಣಕಿಸುತ್ತಾರೆ. ಒಬ್ಬ ತಾಯಿ ಬಾಗಿಲಿಗೇ ಬಂದು, “ಹಜ್ರತ್, ನಮ್ಮ ಹುಡುಗ ಇಲ್ಲಿ ಸೇರಿದ ಮೇಲೆ ಎಲ್ಲದಕ್ಕೂ ಳ ಅಂತಾನೆ” ಎಂದು ದೂರಿದರು. ನಾನು ಹಳೆಯ ಅರಬಿ ವ್ಯಾಕರಣಕಾರ ಸೀಬವೈಹಿಯ ವಿವರಣೆಗೆ ಹೋದೆ: ಈ ಧ್ವನಿ ಹುಟ್ಟುವುದು ನಾಲಿಗೆಯ ಬದಿ ದವಡೆ ಹಲ್ಲಿಗೆ ತಾಗುವಲ್ಲಿ. ಳ ಅನ್ನುವವನಿಗೆ ಬದಿ ಸಿಕ್ಕಿದೆ, ಆದರೆ ನಾಲಿಗೆ ಮೇಲಕ್ಕೆ ಮಡಚಿದೆ. ಜ ಅನ್ನುವವನಿಗೆ ಬದಿಯೇ ಸಿಕ್ಕಿಲ್ಲ. ಇಬ್ಬರಿಗೂ ಕೆಲಸ ಬಾಕಿ ಇದೆ ಎಂದ ಮೇಲೆ ಅಣಕ ನಿಂತಿತು. ಅಂದಹಾಗೆ ಸೀಬವೈಹಿಯೂ ಪರ್ಷಿಯಾ ಮೂಲದವನು. ಹದೀಸ್ (ಪ್ರವಾದಿಯ ನುಡಿ) ಪಾಠದಲ್ಲಿ ಒಂದು ಪದ ತಪ್ಪಾಗಿ ಹೇಳಿ ಗುರುವಿನಿಂದ ತಿದ್ದಿಸಿಕೊಂಡ ಮೇಲೆಯೇ ವ್ಯಾಕರಣಕ್ಕೆ ಇಳಿದ ಎಂದು ಹಳೆಯ ಚರಿತ್ರೆಕಾರರು ಹೇಳುತ್ತಾರೆ.

ತೋಟದ ಲೈನ್‌ಮನೆಯಿಂದ ಬರುವ, ಅಸ್ಸಾಮಿ ಆಡುವ ಹುಡುಗಿಯೊಬ್ಬಳು ಬಾಯಿಯೇ ಬಿಡುತ್ತಿರಲಿಲ್ಲ. ಕನ್ನಡ, ಮಲಯಾಳಂ ಮನೆಯ ಮಕ್ಕಳು ಖಾ ಅಕ್ಷರಕ್ಕೆ ಕ ಅಂತಲೋ ಹ ಅಂತಲೋ ಅನ್ನುತ್ತಾರೆ. ಅಸ್ಸಾಮಿಯಲ್ಲಿ ಅದಕ್ಕೆ ಹತ್ತಿರದ ಧ್ವನಿ ದಿನಬಳಕೆಯದು. ಆ ಅಕ್ಷರಕ್ಕೆ ಅವಳನ್ನೇ ಮುಂದೆ ನಿಲ್ಲಿಸಿ ಹೇಳಿಸಿದೆ. ಉಳಿದವರು ಅವಳ ಹಿಂದೆ ಹೇಳಿದರು. ಚುಕ್ಕಿಗಳಲ್ಲಿ ಅವಳು ಇನ್ನೂ ನಿಧಾನವೇ, ಆದರೆ ಈಗ ಕೇಳುತ್ತಾಳೆ.

ಪಾಠದ ಅಳತೆಗೆ ನಾನು ನೆಚ್ಚಿಕೊಂಡಿರುವುದು ಕಲಿಯುವ ಬಗೆಯ ಕುರಿತು ಹಿಂದೆ ಪುಸ್ತಕ ಬರೆದ ಝರ್ನೂಜಿಯ ಮಾತನ್ನು: ಹೊಸಬರಿಗೆ ಎರಡು ಸಲ ಹೇಳಿದರೆ ನಿಲ್ಲುವಷ್ಟೇ ಪಾಠ, ಆಮೇಲೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು. ಎರಡು ಸಲಕ್ಕೆ ನಿಲ್ಲದಿದ್ದರೆ ನಾನು ಸಾಲನ್ನು ಅರ್ಧಕ್ಕೆ ಕತ್ತರಿಸುತ್ತೇನೆ, ಮಗುವನ್ನು ಬೈಯುವುದಿಲ್ಲ. ಮುಂಜಾನೆ ಶಾಲೆಗೆ ಮುಂಚೆ ಸಿಗುವ ಹೊತ್ತು ಕಡಿಮೆ. ಜುಲೈ ಮಳೆಯಲ್ಲಿ ಒದ್ದೆಯಾಗಿ ಬಂದ ಮಗುವಿಗೆ ಅರ್ಧ ಸಾಲೇ ದೊಡ್ಡದು.

ಮನೆಯವರಿಗೆ ಬುಖಾರಿ, ಮುಸ್ಲಿಮ್ ಎಂಬ ಎರಡು ಸಂಗ್ರಹಗಳಲ್ಲೂ ಇರುವ ಹದೀಸ್ ನೆನಪಿಸುತ್ತೇನೆ: ಕಷ್ಟಪಟ್ಟು ತಡವರಿಸುತ್ತಾ ಕುರ್‌ಆನ್ ಓದುವವನಿಗೆ ಎರಡು ಪ್ರತಿಫಲ. ಉಮ್ಮಂದಿರು ಒಪ್ಪುತ್ತಾರೆ. ಕಮಿಟಿಯವರಿಗೆ ಮಾತ್ರ ಐದನೇ ತರಗತಿಯ ಪಬ್ಲಿಕ್ ಪರೀಕ್ಷೆಯದೇ ಚಿಂತೆ, ಪಾಠ ಎಷ್ಟು ಮುಗಿಯಿತು ಎಂದು ಕೇಳುತ್ತಾರೆ. ಅವರದೂ ಸುಳ್ಳಲ್ಲ, ಪರೀಕ್ಷೆ ಬರದೇ ಇರುವುದಿಲ್ಲ. ಅದಕ್ಕೆ ಈ ಮಕ್ಕಳು ದೊಡ್ಡ ಪಾಠವನ್ನು ಎಲ್ಲರ ಜೊತೆ ಕೂತು ಕಿವಿಯಿಂದಲೇ ಕಲಿಯಲಿ ಎಂದು ಬಿಟ್ಟಿದ್ದೇನೆ. ಉಳಿದವರು ಶಾಲೆಗೆ ಹೊರಟ ಮೇಲೆ ಕಾಫಿ ಬೀಜದ ಡಬ್ಬಿ ತೆಗೆದು ಇನ್ನೊಂದಿಷ್ಟು ಹೊತ್ತು ಇವರನ್ನು ಕೂರಿಸಿಕೊಳ್ಳುತ್ತೇನೆ, ಬಸ್ಸಿನ ಹಾರ್ನ್ ಕೇಳುವ ತನಕ.