ಉಕ್ಕಿನ ತುಂಡಿಗೆ ಕನ್ನಡಿ ಹೊಳಪು: ಮೆಟಲೋಗ್ರಫಿ ಲ್ಯಾಬ್‌ಗೆ ಇಳಿಯುವ ಮುನ್ನ

ಸುರತ್ಕಲ್‌ನ ಎನ್‌ಐಟಿಕೆಯಲ್ಲಾಗಲಿ ಬೇರೆಲ್ಲಾಗಲಿ, ಮೆಟೀರಿಯಲ್ಸ್ ಎಂಜಿನಿಯರಿಂಗ್‌ಗೆ ಸೇರಿದವರಿಗೆ ಮೆಟಲೋಗ್ರಫಿ ಲ್ಯಾಬ್ ತಪ್ಪಿದ್ದಲ್ಲ. ಉಕ್ಕಿನ ತುಂಡೊಂದನ್ನು ಉಜ್ಜಿ, ಹೊಳಪು ಕೊಟ್ಟು, ಆಮ್ಲದಲ್ಲಿ ಅದ್ದಿ, ಅದರ ಒಳರಚನೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. 1863ರ ಸುಮಾರಿಗೆ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹೆನ್ರಿ ಕ್ಲಿಫ್ಟನ್ ಸೋರ್ಬಿ ಮಾಡಿ ತೋರಿಸಿದ್ದೂ ಇದನ್ನೇ. ಚಿತ್ರ ಕೆಟ್ಟರೆ ವಿದ್ಯಾರ್ಥಿಗಳು ಆಮ್ಲವನ್ನೋ ಮೈಕ್ರೋಸ್ಕೋಪನ್ನೋ ದೂರುತ್ತಾರೆ. ಆದರೆ ಕೆಲಸ ಹಾಳಾಗುವುದು ಬಹುತೇಕ ಎಮರಿ ಪೇಪರ್ (ಉಜ್ಜುವ ಒರಟು ಕಾಗದ) ಹಂತದಲ್ಲೇ. ಹಾಗಾಗಿ ಇಲ್ಲಿ ಹೆಚ್ಚು ಮಾತು ಅದರ ಬಗ್ಗೆಯೇ.

ಮಾದರಿಗೆ 12 ಮಿ.ಮೀ. ವ್ಯಾಸದ, ಸುಮಾರು ಶೇ 0.2 ಇಂಗಾಲವಿರುವ ಮೈಲ್ಡ್ ಸ್ಟೀಲ್ ಸರಳು ಸಾಕು. ಅದರಿಂದ 10 ಮಿ.ಮೀ. ಉದ್ದದ ತುಂಡು ಕತ್ತರಿಸಿಕೊಳ್ಳಿ. ಅಬ್ರೇಸಿವ್ ಕಟರ್ ಬಳಸಿದರೆ ತಣಿಸುವ ದ್ರವ ಸದಾ ಹರಿಯುತ್ತಿರಲಿ. ಕತ್ತರಿಸಿದ ಮುಖ ನೀಲಿಗಟ್ಟಿದ್ದರೆ ಶಾಖಕ್ಕೆ ಒಳರಚನೆ ಬದಲಾಗಿರುವ ಸಂಭವ ಇದೆ. ಆ ಪದರವನ್ನು ಪೂರ್ತಿ ಅರೆದು ತೆಗೆಯದೆ ಮುಂದೆ ಹೋಗಬೇಡಿ. ತುಂಡು ಕೈಗೆ ಸಿಗದಷ್ಟು ಚಿಕ್ಕದಾದರೆ ಬೇಕಲೈಟ್ ಪುಡಿಯಲ್ಲಿ ಕೂರಿಸಿ, ಮೌಂಟಿಂಗ್ ಪ್ರೆಸ್‌ನಲ್ಲಿ ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒತ್ತುತ್ತಾರೆ. ಮುಖದ ಸುತ್ತಲಿನ ಚೂಪು ಅಂಚನ್ನು ಅರದಿಂದ ಸ್ವಲ್ಪ ಸವರಿ. ಇಲ್ಲದಿದ್ದರೆ ಅದು ಪೇಪರನ್ನೂ ಆಮೇಲೆ ಪಾಲಿಶಿಂಗ್ ಬಟ್ಟೆಯನ್ನೂ ಹರಿದುಹಾಕುತ್ತದೆ.

ಈಗ ಪೇಪರ್. ಸಿಲಿಕಾನ್ ಕಾರ್ಬೈಡ್‌ನ ವಾಟರ್‌ಪ್ರೂಫ್ ಪೇಪರುಗಳನ್ನು 220, 320, 400, 600 ಹೀಗೆ ಸಾಲಾಗಿ ಬಳಸಬೇಕು. ಸಂಖ್ಯೆ ಏರಿದಂತೆ ಕಣ ನಯವಾಗುತ್ತದೆ. ಸಮತಟ್ಟಾದ ಗಾಜಿನ ಮೇಲೆ ಪೇಪರಿಟ್ಟು, ನೀರು ಹರಿಸುತ್ತ, ತುಂಡನ್ನು ಒಂದೇ ದಿಕ್ಕಿನಲ್ಲಿ ಉಜ್ಜಿ. ಮುಂದಿನ ಪೇಪರಿಗೆ ಹೋಗುವಾಗ ತುಂಡನ್ನು 90 ಡಿಗ್ರಿ ತಿರುಗಿಸಿ. ತಿರುಗಿಸಿದರೆ ಹಳೆಯ ಗೀರುಗಳು ಹೊಸ ಗೀರುಗಳಿಗೆ ಅಡ್ಡವಾಗಿ ನಿಲ್ಲುತ್ತವೆ, ಒಂದು ಉಳಿದರೂ ಕಣ್ಣಿಗೆ ಬೀಳುತ್ತದೆ. ಹಳೆಯ ಗೀರು ಮಾಯವಾದ ಮೇಲೂ ಅಷ್ಟೇ ಹೊತ್ತು ಇನ್ನೊಮ್ಮೆ ಉಜ್ಜಬೇಕು. ಗೀರಿನ ಅಡಿಯಲ್ಲಿ ಕಣ್ಣಿಗೆ ಕಾಣದ, ಜಜ್ಜಿಹೋದ ಲೋಹದ ಪದರವಿರುತ್ತದೆ. ಅದನ್ನು ಬಿಟ್ಟರೆ ಹೊಳಪು ಬಂದಂತೆ ತೋರಿದರೂ ಆಮ್ಲಕ್ಕೆ ಹಾಕಿದಾಗ ಗೀರುಗಳು ಮತ್ತೆ ಎದ್ದುಬರುತ್ತವೆ. "ಪಾಲಿಶ್ ಆಗಿತ್ತಲ್ಲ, ಎಲ್ಲಿಂದ ಬಂತು?" ಎಂದು ಕೇಳುವವರೆಲ್ಲ 220 ಮತ್ತು 320ರಲ್ಲಿ ಅವಸರ ಮಾಡಿದವರೇ. 600ರ ಪೇಪರು ಬಿಟ್ಟ ಗೀರನ್ನು ಬಟ್ಟೆ ಅಳಿಸಬಲ್ಲದು, 220ರದನ್ನು ಅಳಿಸಲಾರದು.

ಇನ್ನೆರಡು ಎಚ್ಚರ. ಪ್ರತಿ ಪೇಪರಿನ ನಂತರ ತುಂಡನ್ನೂ ಕೈಯನ್ನೂ ನೀರಿನಲ್ಲಿ ತೊಳೆಯಿರಿ. 220ರ ಒಂದೇ ಕಣ 600ರ ಮೇಲೆ ಬಿದ್ದರೂ ಅಲ್ಲಿಯವರೆಗಿನ ಕೆಲಸ ಹೋಯಿತು. ಒತ್ತಡ ಎರಡೂ ಬದಿಗೆ ಸಮನಾಗಿರಲಿ. ಒಂದು ಕಡೆ ಒತ್ತಿದರೆ ತುಂಡಿಗೆ ಎರಡು ಮುಖಗಳು ಬೀಳುತ್ತವೆ, ಮೈಕ್ರೋಸ್ಕೋಪಿನಲ್ಲಿ ಅರ್ಧ ಸ್ಪಷ್ಟ, ಅರ್ಧ ಮಸುಕು. ಎರಡು ಮುಖ ಬಿದ್ದಿದ್ದರೆ ಮತ್ತೆ 220ಕ್ಕೇ ಮರಳಬೇಕು, ಬೇರೆ ದಾರಿಯಿಲ್ಲ.

ಪಾಲಿಶಿಂಗ್ ತಿರುಗುವ ಚಕ್ರದ ಮೇಲಿನ ಮಖಮಲ್ ಬಟ್ಟೆಯ ಮೇಲೆ ನಡೆಯುತ್ತದೆ. ಮೊದಲು 1 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ) ಕಣದ ಅಲ್ಯೂಮಿನಾ ಪುಡಿ ಕಲಕಿದ ನೀರು, ಆಮೇಲೆ ಬೇರೆ ಬಟ್ಟೆಯಲ್ಲಿ 0.3 ಅಥವಾ 0.05 ಮೈಕ್ರಾನ್. ಅನುಕೂಲವಿದ್ದ ಲ್ಯಾಬುಗಳಲ್ಲಿ ಡೈಮಂಡ್ ಪೇಸ್ಟ್ ಸಿಗುತ್ತದೆ. ಹಗುರವಾಗಿ ಒತ್ತಿ, ಚಕ್ರ ತಿರುಗುವ ದಿಕ್ಕಿಗೆ ಎದುರಾಗಿ ತುಂಡನ್ನು ಸುತ್ತಿಸುತ್ತಿರಿ. ಒಂದೇ ಕಡೆ ಹಿಡಿದು ನಿಂತರೆ ಉಕ್ಕಿನೊಳಗಿನ ಕಲ್ಮಶದ ಹಿಂದೆ ಬಾಲದಂತೆ ಗೆರೆ ಬೀಳುತ್ತದೆ. ಲ್ಯಾಬಿನ ಮಾತಿನಲ್ಲಿ ಅದು ಕಾಮೆಟ್ ಟೇಲ್, ಧೂಮಕೇತುವಿನ ಬಾಲ. ಗಂಟೆಗಟ್ಟಲೆ ಪಾಲಿಶ್ ಮಾಡಿದರೂ ಒಳ್ಳೆಯದಲ್ಲ: ಮೃದು ಭಾಗ ಹೆಚ್ಚು ಸವೆದು ಮುಖ ಉಬ್ಬುತಗ್ಗಾಗುತ್ತದೆ. ಕನ್ನಡಿಯಂತಾದ ಮೇಲೆ ನೀರಿನಲ್ಲಿ, ನಂತರ ಎಥನಾಲ್‌ನಲ್ಲಿ ತೊಳೆದು ಡ್ರೈಯರಿನ ಬಿಸಿ ಗಾಳಿಯಲ್ಲಿ ಒಣಗಿಸಿ. ನೀರು ತಾನಾಗಿ ಆರಿದರೆ ಕಲೆ ಉಳಿಯುತ್ತದೆ.

ಆಮ್ಲಕ್ಕೆ ಹಾಕುವ ಮುನ್ನ ಒಮ್ಮೆ ಮೈಕ್ರೋಸ್ಕೋಪಿನಲ್ಲಿ ನೋಡಿಬಿಡಿ. ಉದ್ದುದ್ದ ಬೂದು ಗೆರೆಗಳಿದ್ದರೆ ಬಹುಶಃ ಮ್ಯಾಂಗನೀಸ್ ಸಲ್ಫೈಡ್ ಎಂಬ ಕಲ್ಮಶ. ಸರಳನ್ನು ಉದ್ದುದ್ದಕ್ಕೆ ಸೀಳಿದ ಮುಖದಲ್ಲಿ ಇವು ಇನ್ನೂ ಚೆನ್ನಾಗಿ ಕಾಣುತ್ತವೆ. ಎಚ್ಚಿಂಗ್ (ಆಮ್ಲದಲ್ಲಿ ಅದ್ದುವುದು) ಆದ ಮೇಲೆ ಇವನ್ನೂ ಆಮ್ಲ ಕೊರೆದ ಗುಳಿಗಳನ್ನೂ ಬೇರ್ಪಡಿಸುವುದು ಕಷ್ಟ.

ಎಚ್ಚಿಂಗ್‌ಗೆ ಶೇ 2ರ ನೈಟಾಲ್: 98 ಮಿ.ಲೀ. ಎಥನಾಲ್‌ಗೆ 2 ಮಿ.ಲೀ. ಗಾಢ ನೈಟ್ರಿಕ್ ಆಮ್ಲ. ಆಮ್ಲವನ್ನು ಎಥನಾಲ್‌ಗೆ ನಿಧಾನವಾಗಿ ಹಾಕಬೇಕು, ಎಥನಾಲನ್ನು ಆಮ್ಲಕ್ಕೆ ಅಲ್ಲ. ಕೈಗವಸು, ಕನ್ನಡಕ, ಫ್ಯೂಮ್ ಹುಡ್ ಮೂರೂ ಬೇಕು. ಅಂದಿಗೆ ಬೇಕಾದಷ್ಟನ್ನೇ ಕಲಸಿಕೊಳ್ಳಿ. ಮುಚ್ಚಳ ಬಿಗಿದ ಬಾಟಲಿಯಲ್ಲಿ ಕೂಡಿಟ್ಟರೆ ಅನಿಲ ತುಂಬಿ ಸಿಡಿಯಬಹುದು. ಆಮ್ಲದ ಪಾಲು ಹೆಚ್ಚಿದಷ್ಟೂ ಅಪಾಯ ಹೆಚ್ಚು. ಇಕ್ಕಳದಲ್ಲಿ ಹಿಡಿದ ತುಂಡನ್ನು 5ರಿಂದ 10 ಸೆಕೆಂಡು ಅದ್ದಿ, ಕನ್ನಡಿ ಹೊಳಪು ಮಂಕಾದ ಕ್ಷಣವೇ ನೀರಿಗೆ ಹಾಕಿ, ಎಥನಾಲ್‌ನಲ್ಲಿ ತೊಳೆದು ಒಣಗಿಸಿ. ಗ್ರೇನ್‌ಗಳ (ಲೋಹದೊಳಗಿನ ಸ್ಫಟಿಕ ಕಣಗಳ) ಗಡಿಯಲ್ಲಿ ಪರಮಾಣುಗಳು ಅಸ್ತವ್ಯಸ್ತವಾಗಿ ಕೂತಿರುವುದರಿಂದ ಆಮ್ಲ ಅಲ್ಲಿ ಬೇಗ ಕೊರೆಯುತ್ತದೆ. ಆ ಕಿರುಗಾಲುವೆ ಬೆಳಕನ್ನು ಚದುರಿಸಿ ಕಪ್ಪು ಗೆರೆಯಾಗಿ ತೋರುತ್ತದೆ. ಗಡಿ ಮಸುಕಾಗಿದ್ದರೆ ಇನ್ನೆರಡು ಸೆಕೆಂಡು ಅದ್ದಬಹುದು. ಮುಖವೆಲ್ಲ ಕರ್ರಗಾಗಿದ್ದರೆ ಮಾತ್ರ ಪಾಲಿಶಿಂಗ್‌ಗೆ ಮರಳಿ.

ಮೈಕ್ರೋಸ್ಕೋಪಿನಲ್ಲಿ ಮೊದಲು 100 ಪಟ್ಟು, ಆಮೇಲೆ 400 ಅಥವಾ 500. ಬಿಳಿ ಭಾಗ ಫೆರೈಟ್ (ಬಹುತೇಕ ಶುದ್ಧ ಕಬ್ಬಿಣ), ಕಪ್ಪು ಭಾಗ ಪರ್ಲೈಟ್ (ಫೆರೈಟ್ ಮತ್ತು ಕಬ್ಬಿಣದ ಕಾರ್ಬೈಡಿನ ತೆಳು ಪದರಗಳು). ನಿಧಾನವಾಗಿ ತಣಿದ ಉಕ್ಕಿನಲ್ಲಿ ಪರ್ಲೈಟ್ ಪಾಲನ್ನು 0.8ರಿಂದ ಗುಣಿಸಿದರೆ ಇಂಗಾಲದ ಅಂದಾಜು ಸಿಗುತ್ತದೆ: ಕಾಲು ಭಾಗ ಕಪ್ಪಾಗಿದ್ದರೆ ಶೇ 0.2. ಗ್ರೇನ್ ಗಾತ್ರಕ್ಕೆ ಫೋಟೊ ಮೇಲೆ 50 ಮಿ.ಮೀ. ಗೆರೆ ಎಳೆದು, ಅದು ಎಷ್ಟು ಗಡಿ ದಾಟುತ್ತದೆಂದು ಎಣಿಸಿ. 100 ಪಟ್ಟಿನಲ್ಲಿ ಆ ಗೆರೆ ನಿಜಕ್ಕೆ 0.5 ಮಿ.ಮೀ.; 20 ಗಡಿ ಸಿಕ್ಕರೆ ಸರಾಸರಿ 25 ಮೈಕ್ರಾನ್. ಒಂದೇ ಗೆರೆಯನ್ನು ನಂಬದೆ ಬೇರೆ ಬೇರೆ ದಿಕ್ಕಿನಲ್ಲಿ ನಾಲ್ಕೈದು ಎಳೆಯಿರಿ.

ರೆಕಾರ್ಡಿನಲ್ಲಿ ಚಿತ್ರದ ಕೆಳಗೆ ಲೋಹ, ಎಚ್ಚಂಟ್ (ಎಚ್ಚಿಂಗ್‌ಗೆ ಬಳಸಿದ ದ್ರಾವಣ), ಎಷ್ಟು ಪಟ್ಟು ಎಂಬ ಮೂರನ್ನೂ ಬರೆಯಿರಿ. ಇವಿಲ್ಲದ ಚಿತ್ರದ ಮೇಲೆ ವೈವಾದಲ್ಲಿ ಪ್ರಶ್ನೆ ಬಿದ್ದರೆ ಉತ್ತರವಿರುವುದಿಲ್ಲ. ತುಂಡು ಮರುವಾರಕ್ಕೂ ಬೇಕೆಂದರೆ ಸಿಲಿಕಾ ಜೆಲ್ ಇರುವ ಡೆಸಿಕೇಟರ್‌ನಲ್ಲಿಡಿ. ಮುಖವನ್ನು ಮುಟ್ಟಬೇಡಿ, ಬೆರಳಚ್ಚು ಬಿದ್ದಲ್ಲೇ ಮೊದಲು ತುಕ್ಕು ಹಿಡಿಯುತ್ತದೆ.